ನೀರಿನಿಂದ ಚೇಂಬರ್‌ಗೆ ಐದೇ ನಿಮಿಷ

ಸಮುದ್ರದಡಿ ಪೈಪ್ ಜೋಡಿಸುವ, ವೆಲ್ಡಿಂಗ್ ಮಾಡುವ ಡೈವರ್‌ಗೆ ಎಷ್ಟೋ ಸಲ ಕೆಲಸಕ್ಕಿಂತ ಮೇಲೆ ಬರುವುದಕ್ಕೇ ಜಾಸ್ತಿ ಹೊತ್ತು ಬೇಕು. ಆಳದ ಒತ್ತಡದಲ್ಲಿ ಉಸಿರಾಡಿದ ನೈಟ್ರೋಜನ್ ರಕ್ತದಲ್ಲಿ, ಕೊಬ್ಬಿನಲ್ಲಿ ಕರಗಿ ಕೂತಿರುತ್ತದೆ. ಸರ್ರನೆ ಮೇಲೆ ಬಂದರೆ ಅದು ಗುಳ್ಳೆಯಾಗುತ್ತದೆ. ಕೀಲುಗಳು ನೋಯುತ್ತವೆ. ಬೆನ್ನುಹುರಿಗೆ ತಗುಲಿದರೆ ಕಾಲಿನ ಸ್ವಾಧೀನವೇ ಹೋಗಬಹುದು. ನಿಂತು ನಿಂತು ಬರಬೇಕೆಂದು ಆಡುಗಳ ಮೇಲಿನ ಪ್ರಯೋಗದಿಂದ 1908ರಲ್ಲೇ ಲೆಕ್ಕ ಕೊಟ್ಟವರು ಬ್ರಿಟಿಷ್ ಶರೀರವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ ಮತ್ತು ಸಂಗಡಿಗರು.

ಆದರೆ ಆ ಚಳಿಯಲ್ಲಿ, ಸೆಳೆತದಲ್ಲಿ ಎಷ್ಟು ಹೊತ್ತು ಸುಮ್ನೆ ನಿಲ್ಲುವುದು? ಅದಕ್ಕೇ ಸರ್ಫೇಸ್ ಡಿಕಂಪ್ರೆಷನ್, ಅಂದರೆ ಒತ್ತಡ ಇಳಿಸುವ ಕೊನೆಯ ಹಂತವನ್ನು ನೀರಿನಿಂದ ಹೊರಗೆ ಬಂದು ಮುಗಿಸುವುದು. ಅಮೆರಿಕ ನೌಕಾಪಡೆಯ ಕ್ರಮದಲ್ಲಿ 40 ಅಡಿ ಮತ್ತು ಅದಕ್ಕಿಂತ ಆಳದ ನಿಲುಗಡೆಗಳು ನೀರಿನಲ್ಲೇ ಮುಗಿಯುತ್ತವೆ. ಉಳಿದದ್ದು ಹಡಗಿನ ಮೇಲಿರುವ, ಗಾಳಿಯ ಒತ್ತಡ ಏರಿಸಬಲ್ಲ ಉಕ್ಕಿನ ಚೇಂಬರ್‌ನಲ್ಲಿ.

40 ಅಡಿ ಬಿಟ್ಟ ಕ್ಷಣದಿಂದ ಗಡಿಯಾರ ಓಡತೊಡಗುತ್ತದೆ. ಮೇಲೆ ಬರಲು 1 ನಿಮಿಷ. ಇಬ್ಬರು ಮೂವರು ಸೇರಿ ಹೆಲ್ಮೆಟ್ ತೆಗೆಯುತ್ತಾರೆ, ಬೆಲ್ಟು ಬಿಚ್ಚುತ್ತಾರೆ. ಮೈಯಿಂದ ನೀರು ಸೋರುತ್ತಿರುವಾಗಲೇ ಡೈವರ್ ಚೇಂಬರ್ ಒಳಗೆ. ಬಾಗಿಲು ಮುಚ್ಚಿ, ಗಾಳಿ ತುಂಬಿ, 50 ಅಡಿ ಆಳದಷ್ಟು ಒತ್ತಡ ಮುಟ್ಟುವಷ್ಟರಲ್ಲಿ 5 ನಿಮಿಷ ದಾಟಬಾರದು.

ಉಳಿದ ನಿಲುಗಡೆ ಬಿಟ್ಟು ಮೇಲೆ ಬರುವುದು ಹೇಗೆ ಸಾಧ್ಯ? ಒಲೆಯ ಮೇಲಿನ ಹಾಲು ಏಳಲು ಶುರುವಾದರೂ ಉಕ್ಕಿ ಚೆಲ್ಲುವ ಮುಂಚೆ ಒಂದು ಗಳಿಗೆ ಸಿಗುತ್ತದಲ್ವಾ, ಹಾಗೆ. ಗುಳ್ಳೆ ಬೆಳೆದು ತೊಂದರೆ ಕೊಡಲು ಸ್ವಲ್ಪ ಹೊತ್ತು ಬೇಕು. ಅಷ್ಟರೊಳಗೆ ಮತ್ತೆ ಒತ್ತಡ ಹಾಕಿದರೆ ಅದು ಕುಗ್ಗುತ್ತದೆ. ಬಿಟ್ಟು ಬಂದ ಆಳಕ್ಕಿಂತ 10 ಅಡಿ ಜಾಸ್ತಿ ಒತ್ತುವುದು ಅದಕ್ಕೇ.

ಒಳಗೆ ಮಾಸ್ಕ್‌ನಲ್ಲಿ ಆಕ್ಸಿಜನ್. ಉಸಿರಿನಲ್ಲಿ ಹೊಸ ನೈಟ್ರೋಜನ್ ಬರುವುದಿಲ್ಲ, ಹಳೆಯದು ಬೇಗ ಖಾಲಿಯಾಗುತ್ತದೆ. ಆದರೆ ಇಷ್ಟು ಒತ್ತಡದಲ್ಲಿ ಆಕ್ಸಿಜನ್ನೇ ಫಿಟ್ಸ್ ತರಿಸಬಹುದು. ನೀರಿನಲ್ಲಿ ಫಿಟ್ಸ್ ಬಂದರೆ ಮುಳುಗಿ ಸಾಯುವ ಅಪಾಯ. ಚೇಂಬರ್‌ನಲ್ಲಾದರೆ ಮಾಸ್ಕ್ ಕಿತ್ತರಾಯಿತು. ಅರ್ಧ ಗಂಟೆಗೊಮ್ಮೆ 5 ನಿಮಿಷ ಬರೀ ಗಾಳಿ ಕೊಡುವುದೂ ಈ ಭಯಕ್ಕೇ.

ತಡವಾದರೆ ಏನೆಂದು ಮೊದಲೇ ಬರೆದಿಟ್ಟಿರುವುದು ನನಗೆ ತುಂಬಾ ಮುಖ್ಯ ಅನಿಸುತ್ತದೆ. ಬಾಗಿಲ ಮುಂದೆ ನಿಂತು ಚರ್ಚಿಸಲು ಹೊತ್ತೆಲ್ಲಿದೆ? 5 ದಾಟಿ 7 ನಿಮಿಷದೊಳಗಾದರೆ 50 ಅಡಿಯಲ್ಲಿ ಇನ್ನೂ 15 ನಿಮಿಷ ಆಕ್ಸಿಜನ್. 7 ದಾಟಿತೋ, ಡೈವರ್ "ನನಗೇನೂ ಆಗಿಲ್ಲ" ಅಂದರೂ ಚಿಕಿತ್ಸೆ ಶುರು.