ಹಗಲಿನ ವಿದ್ಯುತ್ತನ್ನು ಸಂಜೆಗೆ ಎತ್ತಿಡುವುದು ಎಲ್ಲಿ?

ಆಷಾಢದ ಗಾಳಿಗೆ ಮರ ಉರುಳಿ ದಿನಗಟ್ಟಲೆ ಕತ್ತಲಲ್ಲಿರುವ ಕೊಡಗಿನವರಿಗೆ ‘ವಿದ್ಯುತ್ ಹೆಚ್ಚಾಗಿದೆ, ಇಡಲು ಜಾಗವಿಲ್ಲ’ ಎಂದರೆ ನಗು ಬಂದೀತು. ಆದರೂ ಮಾತು ಸುಳ್ಳಲ್ಲ.

1902ರಲ್ಲಿ ಕಾವೇರಿ ನೀರು ಶಿವನಸಮುದ್ರದಲ್ಲಿ ಧುಮುಕಿ ಕೋಲಾರದ ಗಣಿಗೆ ವಿದ್ಯುತ್ ಕೊಟ್ಟಿತು. ಮುಂದೆ ದೊಡ್ಡ ಅಣೆಕಟ್ಟುಗಳು ಬಂದ ಮೇಲೆ ಸಂಗ್ರಹದ ಚಿಂತೆ ರಾಜ್ಯವನ್ನು ಅಷ್ಟಾಗಿ ಕಾಡಲಿಲ್ಲ. ಬೇಕಾದಾಗ ನೀರು ಬಿಟ್ಟರಾಯಿತು. ಲೆಕ್ಕ ತಪ್ಪಿಸಿದ್ದು ಬಿಸಿಲು. 2,050 ಮೆಗಾವಾಟಿನ ಪಾವಗಡ ಸೌರ ಪಾರ್ಕ್ ಮಧ್ಯಾಹ್ನ ಧಾರಾಳವಾಗಿ ಕೊಡುತ್ತದೆ, ಮನೆಮನೆಯಲ್ಲಿ ದೀಪ ಹತ್ತುವ ಹೊತ್ತಿಗೆ ಕೈಯೆತ್ತುತ್ತದೆ.

ಹಳೆಯ ಪರಿಹಾರ ಪಂಪ್ಡ್ ಸ್ಟೋರೇಜ್. ಅಂದರೆ ಹೆಚ್ಚಾದ ವಿದ್ಯುತ್ತಿನಿಂದ ನೀರನ್ನು ಎತ್ತರದ ಜಲಾಶಯಕ್ಕೆ ಏರಿಸಿಡುವುದು. ಫೆಬ್ರುವರಿ–ಮಾರ್ಚ್‌ನಲ್ಲಿ ಹೂಮಳೆ ಕೈಕೊಟ್ಟಾಗ ಕೆರೆಯ ನೀರನ್ನು ಗುಡ್ಡದ ಮೇಲಿನ ಕಾಫಿಗೆ ಹಾಯಿಸುವ ಬೆಳೆಗಾರನಿಗೆ ಇದರ ಅರ್ಧ ಭಾಗ ಗೊತ್ತೇ ಇದೆ. ಉಳಿದರ್ಧ, ಏರಿಸಿದ ನೀರನ್ನು ಸಂಜೆ ಇಳಿಸಿ ಅದೇ ಯಂತ್ರವನ್ನು ಹಿಮ್ಮುಖವಾಗಿ ತಿರುಗಿಸಿ ವಿದ್ಯುತ್ ಪಡೆಯುವುದು. ನೂರು ಯೂನಿಟ್ ಸುರಿದರೆ ಎಪ್ಪತ್ತೈದು–ಎಂಬತ್ತು ಮರಳುತ್ತದೆ. ತಮಿಳುನಾಡಿನ ಕಡಂಪಾರೈಯಲ್ಲಿ 400 ಮೆಗಾವಾಟಿನ ಇಂಥ ಸ್ಥಾವರ ದಶಕಗಳಿಂದ ಇದೆ. ತೊಡಕೆಂದರೆ ಇದಕ್ಕೆ ಎತ್ತರವೂ ನೀರೂ ಒಟ್ಟಿಗೆ ಬೇಕು. ಅಂದರೆ ಮತ್ತೆ ಘಟ್ಟವೇ ಬೇಕು. ಶರಾವತಿಯಲ್ಲಿ ತಲಕಳಲೆ, ಗೇರುಸೊಪ್ಪೆ ಜಲಾಶಯಗಳನ್ನು ಬೆಸೆಯುವ 2,000 ಮೆಗಾವಾಟಿನ ಯೋಜನೆಗೆ ಹೊಸ ಅಣೆಕಟ್ಟು ಬೇಡ ಎನ್ನುತ್ತಾರೆ. ನಿಜವೇ. ಆದರೆ ಸುರಂಗ, ರಸ್ತೆ, ತಂತಿಮಾರ್ಗ ಬೇಕು. ಅವು ಹಾಯುವುದು ಸಿಂಗಳೀಕಗಳ ಕಾಡಿನಲ್ಲಿ. ತಂತಿಮಾರ್ಗ ಎಂದರೇನೆಂದು ಕೊಡಗಿಗೆ ಯಾರೂ ಹೇಳಿಕೊಡಬೇಕಿಲ್ಲ. ಮೈಸೂರು–ಕೋಯಿಕ್ಕೋಡ್ 400 ಕೆ.ವಿ. ಮಾರ್ಗ ನಕಾಶೆಯಲ್ಲಿ ಒಂದು ಗೆರೆ. ತೋಟದೊಳಗೆ ಅದು ಸಾವಿರಾರು ಮರ ಉರುಳಿದ ಬೋಳು ಓಣಿ.

ಇನ್ನೊಂದು ದಾರಿ ಬ್ಯಾಟರಿ. ನಮ್ಮ ಜಗಲಿಯ ಯುಪಿಎಸ್‌ಗೆ ಡಿಸ್ಟಿಲ್ಡ್ ವಾಟರ್ ಕುಡಿಸುತ್ತಾ, ನಾಲ್ಕೈದು ವರ್ಷಕ್ಕೊಮ್ಮೆ ಬದಲಿಸುವ ಸೀಸದ ಪೆಟ್ಟಿಗೆಯಲ್ಲ, ಲಿಥಿಯಂ. 2017ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಹಾರ್ನ್ಸ್‌ಡೇಲ್‌ನಲ್ಲಿ 100 ಮೆಗಾವಾಟಿನದು ತಲೆಯೆತ್ತಿತು. 2019ರಲ್ಲಿ ದೆಹಲಿಯ ರೋಹಿಣಿಯಲ್ಲಿ 10 ಮೆಗಾವಾಟಿನದು. ನೂರಕ್ಕೆ ಎಂಬತ್ತೈದರ ಆಸುಪಾಸು ಮರಳುತ್ತದೆ, ಬಯಲಲ್ಲೂ ಇಡಬಹುದು, ಬೆಲೆಯೂ ಬಹಳ ಇಳಿದಿದೆ. ಆಯುಷ್ಯ ಮಾತ್ರ ಹತ್ತು–ಹದಿನೈದು ವರ್ಷ. ಜಲಾಶಯ ಅರ್ಧ ಶತಮಾನ ಬಾಳುತ್ತದೆ. ಲಿಥಿಯಂ ಅಗೆಯುವುದೂ ಯಾರದೋ ನೆಲವನ್ನೇ.

ಆದರೂ ಕೊರತೆ ಸಂಜೆ ಆರರಿಂದ ಹತ್ತರವರೆಗಿನದಾದರೆ ನಾಲ್ಕು ಗಂಟೆಯ ಬ್ಯಾಟರಿ ಸಾಕು. ಅದನ್ನು ಪಾವಗಡದ ಫಲಕಗಳ ಪಕ್ಕದಲ್ಲೇ ಇಟ್ಟರೆ ಹಗಲಿಗೆಂದು ಎಳೆದ ತಂತಿಯೇ ರಾತ್ರಿಗೂ ಆದೀತು. ವಾರವಿಡೀ ಮೋಡ ಕವಿದರೆ ಎರಡೂ ಸಾಲವು. ಆಗ ಲಿಂಗನಮಕ್ಕಿಯಲ್ಲಿ ನಿಂತ ಮಳೆನೀರೇ ಗತಿ.