ಶಿಕ್ಷೆ ಆದ ಕೈದಿಯ ಊಟದ ಖರ್ಚು ಯಾರ ತಲೆಗೆ?

ಪ್ರಶ್ನೆ: ನನ್ನ ತಮ್ಮ ಅಮೆರಿಕದ ವರ್ಜೀನಿಯಾದಲ್ಲಿದ್ದಾನೆ. ರಾಜ್ಯದ ಕೈದಿಗಳನ್ನು ಇಟ್ಟುಕೊಂಡಿದ್ದಕ್ಕೆ ಅವರ ಕೌಂಟಿಗೆ (ನಮ್ಮ ಜಿಲ್ಲೆ ಇದ್ದ ಹಾಗೆ) ಸರ್ಕಾರ ದಿನದ ಲೆಕ್ಕದಲ್ಲಿ ದುಡ್ಡು ಕೊಡುತ್ತಂತೆ. ಜೈಲು ಅಂದ್ರೆ ಸರ್ಕಾರದ್ದೇ ಅಲ್ವಾ? ಯಾರು ಯಾರಿಗೆ ಕೊಡೋದು?

ಉತ್ತರ: ನಮ್ಮ ಕಣ್ಣಲ್ಲಿ ನೋಡಿದರೆ ವಿಚಿತ್ರವೇ. ಪರಪ್ಪನ ಅಗ್ರಹಾರದಲ್ಲಿ ವಿಚಾರಣಾಧೀನ ಕೈದಿಗೆ ಶಿಕ್ಷೆ ಆದರೆ ಬ್ಯಾರಕ್ ಬದಲಾಗುತ್ತದೆ, ಬಿಳಿ ಬಟ್ಟೆ ಬರುತ್ತದೆ. ಊಟದ ಖರ್ಚು ಮಾತ್ರ ಮೊದಲೂ ರಾಜ್ಯದ್ದೇ, ಆಮೇಲೂ ರಾಜ್ಯದ್ದೇ. ಜಿಲ್ಲಾ ಪಂಚಾಯ್ತಿ ಜೈಲು ನಡೆಸೋದನ್ನು ನಾವು ಕಂಡಿಲ್ಲ.

ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಮಾತ್ರ ಹೆಚ್ಚುಕಮ್ಮಿ ಹಾಗೆಯೇ, ಊರಿನ ಆಡಳಿತವೇ ಜೈಲು ನಡೆಸುತ್ತದೆ. ನಾವು ಎರಡನ್ನೂ ಜೈಲು ಅಂತೀವಿ, ಅವರು ಅನ್ನಲ್ಲ. 'ಜೈಲ್' ಊರಿನದು. ವಿಚಾರಣೆ ಮುಗಿಯದವರು, ಸಣ್ಣ ಶಿಕ್ಷೆಯವರು ಅಲ್ಲಿರುತ್ತಾರೆ, ಸಾಮಾನ್ಯವಾಗಿ ಶೆರಿಫ್, ಅಂದರೆ ಕೌಂಟಿಯ ಪೊಲೀಸ್ ಮುಖ್ಯಸ್ಥರಂಥವರು, ನೋಡಿಕೊಳ್ಳುತ್ತಾರೆ. 'ಪ್ರಿಸನ್' ರಾಜ್ಯದ್ದು. ವರ್ಜೀನಿಯಾದಲ್ಲಿ ಗಂಭೀರ ಅಪರಾಧಕ್ಕೆ ಒಂದು ವರ್ಷ ಅಥವಾ ಅದಕ್ಕೂ ಜಾಸ್ತಿ ಶಿಕ್ಷೆಯಾದರೆ ಆ ವ್ಯಕ್ತಿ ರಾಜ್ಯದ ಹೊಣೆ.

ಹೊಣೆ ಬದಲಾದರೂ ಮನುಷ್ಯ ಅವತ್ತೇ ಜಾಗ ಬಿಡುವುದಿಲ್ಲ. ಅವನನ್ನು ಕರೆದುಕೊಳ್ಳೋಕೆ ರಾಜ್ಯಕ್ಕೆ ಕಾನೂನು ಕೊಟ್ಟಿರುವುದು 60 ದಿನ. ಈ 60 ಯಾವತ್ತಿಂದ ಶುರು? ತೀರ್ಪು ಹೇಳಿದ ದಿನದಿಂದ ಅಲ್ಲ. ಕೋರ್ಟಿನ ಗುಮಾಸ್ತರು ಅಂತಿಮ ಆದೇಶವನ್ನು ಸರ್ಟಿಫೈಡ್ ಅಂಚೆಯಲ್ಲೋ ಆನ್‌ಲೈನ್‌ನಲ್ಲೋ ಕಳಿಸಿದ ದಿನದಿಂದ. ಕಾಗದ ಮೇಜಿನ ಮೇಲೆ ಕೂತಷ್ಟು ದಿನ ಎಣಿಕೆಯೇ ಶುರುವಾಗಲ್ಲ. ಟೆಕ್ಸಾಸ್‌ನಲ್ಲಂತೂ ಕಾಗದ ಎಲ್ಲ ಸಿದ್ಧವಾಗಿ ರಾಜ್ಯಕ್ಕೆ ಹೋಗೋಕೆ ಕಾಯುತ್ತಿರುವವರನ್ನು 'ಪೇಪರ್ ರೆಡಿ' ಕೈದಿಗಳು ಅಂತಲೇ ಕರೆಯುತ್ತಾರೆ!

ಈ ಕಾಯುವ ದಿನಗಳಿಗೆ ರಾಜ್ಯ ಕೊಡುವುದೇ ನಿಮ್ಮ ತಮ್ಮ ಹೇಳಿದ ದುಡ್ಡು. ವರ್ಜೀನಿಯಾದಲ್ಲಿ 2010ರಲ್ಲಿ ಇದನ್ನು ದಿನಕ್ಕೆ 14 ಡಾಲರ್‌ನಿಂದ 12ಕ್ಕೆ ಇಳಿಸಿದರು, ಎಷ್ಟೋ ವರ್ಷ ಅದೇ ನಡೆಯಿತು. ಆ ದಶಕದ ಕೊನೆಗೆ ಒಬ್ಬ ಕೈದಿಯನ್ನು ಜೈಲಲ್ಲಿ ಇಡಲು ದಿನಕ್ಕೆ 80 ಡಾಲರ್‌ಗೂ ಜಾಸ್ತಿ ಬೀಳುತ್ತಿತ್ತು. ಕಾವಲಿನವರ ಸಂಬಳದಲ್ಲಿ ರಾಜ್ಯ ಬೇರೆಯಾಗಿ ಪಾಲು ಕೊಡುತ್ತದೆ, ಅದನ್ನು ಮರೆಯಬಾರದು. ಆದರೂ ಡಾಕ್ಟರು, ಔಷಧಿ, ಕಟ್ಟಡದ ಸಾಲ ಅಂತ ಉಳಿದದ್ದರಲ್ಲಿ ದೊಡ್ಡ ಪಾಲು ಊರಿನ ತೆರಿಗೆದಾರರ ಮೇಲೇ ಬೀಳುತ್ತದೆ.

ನನಗೆ ಕಾಣುವ ತೊಂದರೆ ಇಲ್ಲಿದೆ. ಇಷ್ಟು ಕಡಿಮೆ ದುಡ್ಡಿಗೆ ಬೇರೆಯವರ ಮನೇಲಿ ಇರಿಸಬಹುದಾದರೆ ಬೇಗ ಕರೆದುಕೊಳ್ಳೋಕೆ ರಾಜ್ಯಕ್ಕೆ ಯಾಕೆ ಅವಸರ? 60 ದಿನ ದಾಟಿದರೂ ಶೆರಿಫ್ ಕೈದಿಯನ್ನು ಬೀದಿಗೆ ಬಿಡೋಕಾಗಲ್ಲ. 2020ರ ಮಾರ್ಚ್‌ನಲ್ಲಿ ಕೊರೋನಾ ಅಂತ ಕ್ಯಾಲಿಫೋರ್ನಿಯಾ ತನ್ನ ಪ್ರಿಸನ್‌ಗಳಿಗೆ ಹೊಸಬರನ್ನು ಸೇರಿಸುವುದನ್ನೇ ನಿಲ್ಲಿಸಿದಾಗ ಅವರೆಲ್ಲ ಕೌಂಟಿ ಜೈಲುಗಳಲ್ಲೇ ಉಳಿದರು.

ಲೂಸಿಯಾನಾದಲ್ಲಿ ಕಥೆ ತಲೆಕೆಳಗು. ಅಲ್ಲಿ ರಾಜ್ಯ ದಿನಕ್ಕೆ ಕೊಡುವ ದುಡ್ಡು ಇದಕ್ಕಿಂತ ಜಾಸ್ತಿ. ಶೆರಿಫ್‌ಗಳು ಅದನ್ನೇ ಆದಾಯ ಮಾಡಿಕೊಂಡು, ಕಡಿಮೆ ಖರ್ಚಿನಲ್ಲಿ ದೊಡ್ಡ ದೊಡ್ಡ ಜೈಲು ಕಟ್ಟಿದರು. ರಾಜ್ಯದ ಕೈದಿಗಳಲ್ಲಿ ಸುಮಾರು ಅರ್ಧದಷ್ಟು ಜನ ಪ್ರಿಸನ್ ಮೆಟ್ಟಿಲು ಹತ್ತದೆ ಸ್ಥಳೀಯ ಜೈಲಲ್ಲೇ ಇರುತ್ತಾರೆ. ವರ್ಗಾವಣೆ ಅನ್ನೋದು ಅವರ ಪಾಲಿಗೆ ಬರೋದೇ ಇಲ್ಲ.

ನಿಮ್ಮ ತಮ್ಮನಿಗೆ ಹೇಳಿ: ಕೌಂಟಿ ಬಜೆಟ್‌ನ ಆದಾಯದ ಪುಟದಲ್ಲಿ 'ಕಾಂಪೆನ್ಸೇಷನ್ ಬೋರ್ಡ್' ಅನ್ನೋ ಹೆಸರು ಹುಡುಕಲಿ, ಈ ದುಡ್ಡು ಹಂಚುವ ರಾಜ್ಯದ ಮಂಡಳಿ ಅದೇ. ಆ ಊರಿನ ಜೈಲನ್ನು ನಾಲ್ಕೈದು ಕೌಂಟಿ ಸೇರಿ ನಡೆಸುತ್ತಿದ್ದರೆ ಮಾತ್ರ ಲೆಕ್ಕ ಕೌಂಟಿ ಪುಸ್ತಕದಲ್ಲಿ ಇರಲ್ಲ, ಆ ಜೈಲಿನ ಬಜೆಟ್‌ನಲ್ಲೇ ನೋಡಬೇಕು.