ಕೋಲಾರದ ಬಂಡೆ, ಡರ್ಹಾಮ್‌ನ ಕೊಳವೆ

"ನಾನೇ ಕಣ್ಣಾರೆ ನೋಡಿ, ಕೈಯಾರೆ ಅಳೆಯದೆ ಏನನ್ನೂ ನಂಬಲ್ಲ. ಅದೇ ವಿಜ್ಞಾನ" ಎನ್ನುವವರು ಜಾಸ್ತಿ. ಈ ಮಾತು ಕೇಳಿದಾಗಲೆಲ್ಲ ನನಗೆ 1965ರಲ್ಲಿ ಕೋಲಾರ ಚಿನ್ನದ ಗಣಿಯ ಆಳದಲ್ಲಿ ನಡೆದ ನ್ಯೂಟ್ರಿನೊ ಹುಡುಕಾಟ ನೆನಪಾಗುತ್ತದೆ. ನ್ಯೂಟ್ರಿನೊ ಅಂದರೆ ಬಂಡೆಯನ್ನೂ ಸಲೀಸಾಗಿ ದಾಟಿ ಹೋಗುವ ಸೂಕ್ಷ್ಮ ಕಣ. ಅಲ್ಲಿ ಯಾರೊಬ್ಬರೂ ಎಲ್ಲವನ್ನೂ ತಾವೇ ಅಳೆಯಲಿಲ್ಲ.

ಆಕಾಶದಿಂದ ಮ್ಯುಯಾನ್ ಎಂಬ ಬೇರೆ ಸೂಕ್ಷ್ಮ ಕಣಗಳು ಹಗಲೂ ರಾತ್ರಿ ಸೋನೆಯಂತೆ ಸುರಿಯುತ್ತವೆ. ನಿಮ್ಮ ಅಂಗೈಯೊಂದರ ಮೇಲೇ ನಿಮಿಷಕ್ಕೆ ಸುಮಾರು ನೂರು! ವಾಲಗದ ಅಬ್ಬರದಲ್ಲಿ ಗೆಜ್ಜೆ ಸದ್ದು ಕೇಳಿಸುತ್ತದೆಯೇ? ನ್ಯೂಟ್ರಿನೊ ಹುಡುಕುವವರ ಪಾಡೂ ಅದೇ. ಅದಕ್ಕೇ ನೆಲದಡಿ ಇಳಿಯಬೇಕು. ಬಂಡೆ ಜರಡಿಯಾಗುತ್ತದೆ. ಮ್ಯುಯಾನ್ ರವೆಯಂತೆ ಮೇಲೇ ಉಳಿಯುತ್ತದೆ, ನ್ಯೂಟ್ರಿನೊ ಹಿಟ್ಟಿನಂತೆ ಕೆಳಗಿಳಿಯುತ್ತದೆ. ಜರಡಿ ಎಷ್ಟು ದಪ್ಪ ಎಂದು ತಿಳಿಯಲು ಆಳ ಗೊತ್ತಿದ್ದರೆ ಸಾಲದು, ಬಂಡೆಯ ಸಾಂದ್ರತೆಯೂ ಬೇಕು. ಕೋಲಾರದ ಬಂಡೆ ನೀರಿಗಿಂತ ಸುಮಾರು ಮೂರು ಪಟ್ಟು ಭಾರ. ಪ್ರಯೋಗ ನಡೆದದ್ದು 2.3 ಕಿ.ಮೀ. ಬಂಡೆಯಡಿ, ಅಂದರೆ ಸುಮಾರು 7 ಕಿ.ಮೀ. ನೀರಿನಡಿ ಕೂತಂತೆ. ಇಂಥ ಲೆಕ್ಕಕ್ಕೆ ಕಲ್ಲು ಬಲ್ಲವರ ಮಾತೇ ಆಧಾರ.

ಅಷ್ಟು ಆಳಕ್ಕೆ ದಾರಿ ಮಾಡಿದ್ದು ಗಣಿ ಕೆಲಸಗಾರರು. ಒತ್ತಡಕ್ಕೆ ಬಂಡೆ ಸಿಡಿಯುವ ಆ ಸುರಂಗಗಳಲ್ಲಿ ಯಾವ ಗೋಡೆಯನ್ನು ನಂಬಬಹುದು ಎಂಬುದು ಅವರಿಗೆ ಗೊತ್ತೇ ಹೊರತು ಯಾವ ಸಮೀಕರಣಕ್ಕೂ ಗೊತ್ತಿಲ್ಲ, ಅಲ್ವಾ?

ತಂಡದಲ್ಲಿ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಿಂದ (ಟಿಐಎಫ್‌ಆರ್) ಎಂ.ಜಿ.ಕೆ. ಮೆನನ್, ನಮ್ಮ ನಂಜನಗೂಡಿನ ಬಿ.ವಿ. ಶ್ರೀಕಂಠನ್ ಇದ್ದರು. ಜಪಾನಿನ ಒಸಾಕಾದಿಂದ ಮಿಯಾಕೆ, ಇಂಗ್ಲೆಂಡಿನ ಡರ್ಹಾಮ್‌ನಿಂದ ವುಲ್ಫೆಂಡೇಲ್ ಜೊತೆಯಾದರು. ಅದಕ್ಕೂ ಮೊದಲು ಇನ್ನೂ ಆಳದಲ್ಲಿ, 2.76 ಕಿ.ಮೀ. ಕೆಳಗೆ, ಸುಮಾರು ಎರಡು ತಿಂಗಳು ಕಾದರೂ ಒಂದೇ ಒಂದು ಮ್ಯುಯಾನ್ ಸಿಕ್ಕಿರಲಿಲ್ಲ. ಅಂದರೆ ಮ್ಯುಯಾನ್‌ಗಳ ಅಬ್ಬರ ಅಷ್ಟು ಆಳಕ್ಕೆ ಮುಟ್ಟುತ್ತಿರಲಿಲ್ಲ. ಆ ಸೊನ್ನೆಯನ್ನು ನಂಬಿದ್ದರಿಂದಲೇ ನ್ಯೂಟ್ರಿನೊ ಹುಡುಕುವ ಧೈರ್ಯ ಬಂತು.

ಅವರು ಕಣ ಹಾದುಹೋದರೆ ಮಿನುಗುವ ಪ್ಲಾಸ್ಟಿಕ್ ಸಿಂಟಿಲೇಟರ್‌ನ ಎರಡು ಗೋಡೆಗಳನ್ನು ಎದುರುಬದುರಾಗಿ ನೆಟ್ಟಗೆ ನಿಲ್ಲಿಸಿದರು. ನಡುವೆ ಡರ್ಹಾಮ್‌ನವರ ಕೈ ಚೆನ್ನಾಗಿ ಪಳಗಿದ್ದ, ಕಣ ಹೋದ ದಾರಿಯುದ್ದಕ್ಕೂ ಬೆಳಗುವ ನಿಯಾನ್ ಕೊಳವೆಗಳು. ಅಷ್ಟು ಆಳಕ್ಕೆ ಮೇಲಿನಿಂದ ಬರುವ ಅಪರೂಪದ ಮ್ಯುಯಾನ್ ಬಹುಪಾಲು ನೇರ ಕೆಳಕ್ಕೆ ಬೀಳುತ್ತದೆ. ಅಡ್ಡಡ್ಡ ಬಂದರೆ ಅದು ಪಕ್ಕದ ಬಂಡೆಯಲ್ಲಿ ನ್ಯೂಟ್ರಿನೊ ಡಿಕ್ಕಿಯಿಂದ ಹುಟ್ಟಿದ್ದು. ಸಿಂಟಿಲೇಟರ್ "ಈಗ ಬಂತು" ಎನ್ನಬೇಕು, ಕೊಳವೆ "ಈ ದಾರಿಯಲ್ಲಿ ಬಂತು" ಎನ್ನಬೇಕು. ಇಲ್ಲಿನ ನಂಬಿಕೆ ಕಣ್ಣುಮುಚ್ಚಿದ್ದಲ್ಲ. ಒಬ್ಬರ ಉಪಕರಣದ ಸಾಕ್ಷಿಯನ್ನು ಇನ್ನೊಬ್ಬರ ಉಪಕರಣ ಒರೆಗೆ ಹಚ್ಚುತ್ತಿತ್ತು.

ಅಂಥ ಅಡ್ಡಡ್ಡ ಮ್ಯುಯಾನ್‌ಗಳು ಸಿಕ್ಕವು ಎಂಬ ಕೋಲಾರದ ಪ್ರಬಂಧ 1965ರ ಆಗಸ್ಟ್ ನಡುವಿನಲ್ಲಿ ಪ್ರಕಟವಾಯಿತು. ಎರಡು ವಾರಕ್ಕೆ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿ ಬೇರೆ ಬಗೆಯ ಸಿಂಟಿಲೇಟರ್ ಇಟ್ಟಿದ್ದ ಅಮೆರಿಕದ ವಿಜ್ಞಾನಿ ಫ್ರೆಡರಿಕ್ ರೈನ್ಸ್ ತಂಡದ ವರದಿಯೂ ಬಂತು. ಅವರಿಗೂ ಅಡ್ಡಡ್ಡ ಬಂದ ಮ್ಯುಯಾನ್‌ಗಳೇ ಸಿಕ್ಕಿದ್ದವು.